20 ಡಾಲರಿನ ಶೇರ್‌ವೇರ್, 37 ಫೈಲು, ಒಂದು ಸತ್ತ ಬ್ಯಾಟರಿ

ಮೈಕ್ರೋಸಾಫ್ಟ್ ವರ್ಡ್ ಇಲ್ಲದ ಹಳೇ ಮ್ಯಾಕ್ ಕಂಪ್ಯೂಟರಿನಲ್ಲಿ ಓದಲು ವರ್ಡ್ ಥರದ ಫೈಲುಗಳನ್ನು ತೆರೆಯುವ ಕೆಲಸ ನಿನ್ನೆ ರಾತ್ರಿ ಮುಗಿಯಿತು. 37 ಫೈಲುಗಳಲ್ಲಿ 36 ತೆರೆದವು. ಒಂಬತ್ತು ದಿನ ಹಿಡಿಯಿತು. ತಲೆ ನೆಟ್ಟಗಿದ್ದಿದ್ದರೆ ಒಂದು ಮಧ್ಯಾಹ್ನದ ಕೆಲಸ. ದಿನಾ ರಾತ್ರಿ ನೋಟ್‌ಬುಕ್ಕಿನಲ್ಲಿ ಗೀಚಿಟ್ಟಿದ್ದನ್ನು ಸ್ವಲ್ಪ ಒಪ್ಪ ಮಾಡಿ ಇಲ್ಲಿ ಹಾಕುತ್ತಿದ್ದೇನೆ. ಪೆದ್ದುತನಗಳನ್ನು ಹಾಗೇ ಬಿಟ್ಟಿದ್ದೇನೆ.

ಯಂತ್ರ ಪವರ್ ಮ್ಯಾಕಿಂಟಾಷ್ ಜಿ3. 1999ರ ನೀಲಿ-ಬಿಳಿ ಡಬ್ಬ, 350 ಮೆಗಾಹರ್ಟ್ಸ್, ಮ್ಯಾಕ್ ಓಎಸ್ 9.2.2. ಜಿಪ್ ಡ್ರೈವ್ (ಫ್ಲಾಪಿಗಿಂತ ಹೆಚ್ಚು ಹಿಡಿಸುವ ಡಿಸ್ಕ್ ಓದುವಂಥದ್ದು) ಇದೆ, ಫ್ಲಾಪಿ ಡ್ರೈವ್ ಇಲ್ಲ. ವರ್ಡ್ ಇಲ್ಲ. ನಾನು ಬರೆಯುವುದು ಬಿಬಿಎಡಿಟ್ ಲೈಟ್‌ನಲ್ಲಿ, ಬರೀ ಅಕ್ಷರ. ಪಕ್ಕದಲ್ಲಿ ಲಿನಕ್ಸ್ ಹಾಕಿದ ಹೊಸ ಲ್ಯಾಪ್‌ಟಾಪ್ ಇದೆ. ಎರಡಕ್ಕೂ ನಡುವೆ ಒಂದು ನೆಟ್‌ವರ್ಕ್ ಕೇಬಲ್, ಫೈಲು ಸಾಗಿಸಲು ಎಫ್‌ಟಿಪಿ.

ಯಾಕೆ ಈ ಉಸಾಬರಿ ಅಂದರೆ, ಗೆಳೆಯ ಮತ್ತು ನಾನು ಸೇರಿ ರೇಡಿಯೊ ರಿಪೇರಿ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಕೈಪಿಡಿ ಬರೆಯಲು ಹೊರಟು ಅರ್ಧಕ್ಕೆ ಬಿಟ್ಟಿದ್ದೆವು. ಈಗ ಮತ್ತೆ ಹಿಡಿದಿದ್ದೇವೆ. ನನ್ನ ಪಾಲಿನ ಬರವಣಿಗೆ ಆಗುವುದು ಈ ಮ್ಯಾಕ್‌ನಲ್ಲೇ. ಇದರಲ್ಲಿ ಇಂಟರ್‌ನೆಟ್ ಇಲ್ಲ ಅನ್ನುವುದೇ ಇದರ ದೊಡ್ಡ ಗುಣ.

ದಿನ 1: ಎಣಿಕೆ

ಜಿಪ್ ಡಿಸ್ಕಿನಲ್ಲಿ ನನ್ನ ಹಳೇ ಫೈಲು 9, ಎಲ್ಲಾ ಮ್ಯಾಕ್ ವರ್ಡ್ 5.1ರವು. ಲ್ಯಾಪ್‌ಟಾಪಿನಲ್ಲಿ ಗೆಳೆಯ ಆ ಕಾಲದಲ್ಲಿ ಕಳಿಸಿದ 17 ಡಾಕ್ ಫೈಲು (ಹೆಸರಿನ ಬಾಲ ನೋಡಿದರೆ ವರ್ಡ್ 97ರವು). ಜೊತೆಗೆ ಈ ತಿಂಗಳು ಕಳಿಸಿದ, ಹೊಸ ವರ್ಡ್‌ನ 11 ಡಾಕ್ಸ್ ಫೈಲು.

ಹೆಸರು ನಂಬದೆ ಪ್ರತಿ ಫೈಲಿನ ಮೊದಲ ಕೆಲವು ಬೈಟ್ ನೋಡಿದೆ. ಈ ಒಂಬತ್ತು ದಿನದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸ ಇದು. ವರ್ಡ್ 97ರ ಫೈಲು ಹೆಕ್ಸ್‌ನಲ್ಲಿ (ಒಂದೊಂದು ಬೈಟನ್ನು ಎರಡು ಅಂಕೆ-ಅಕ್ಷರದಲ್ಲಿ ಬರೆಯುವ ರೀತಿ) 'ಡಿ0 ಸಿಎಫ್ 11 ಇ0' ಅಂತ ಶುರುವಾಗುತ್ತದೆ. ಡಾಕ್ಸ್ ಫೈಲು 'ಪಿಕೆ' ಎಂಬ ಎರಡು ಅಕ್ಷರದಿಂದ ಶುರು, ಏಕೆಂದರೆ ಅದು ಒಳಗೆ ಬರೀ ಜಿಪ್ ಗಂಟು, ಹಲವು ಫೈಲುಗಳನ್ನು ಒತ್ತಿ ಒಂದಾಗಿ ಕಟ್ಟಿದ್ದು (ಜಿಪ್ ಡಿಸ್ಕಿಗೂ ಇದಕ್ಕೂ ಸಂಬಂಧವಿಲ್ಲ). ಡಾಕ್ ಅಂತ ಹೆಸರಿದ್ದ 17ರಲ್ಲಿ 3 ಫೈಲುಗಳು 'ಎಫ್‌ಎಫ್' ಬೈಟ್, ಆಮೇಲೆ 'ಡಬ್ಲ್ಯೂಪಿಸಿ' ಅಂತ ಶುರುವಾದವು. ಅಂದರೆ ವರ್ಡ್‌ಪರ್ಫೆಕ್ಟ್, ವರ್ಡ್‌ನಂಥದ್ದೇ ಬೇರೆ ಪ್ರೋಗ್ರಾಮು. ಗೆಳೆಯ ಆಗ ಎರಡೂ ಬಳಸುತ್ತಿದ್ದ, ಹೆಸರಿನ ಬಾಲಕ್ಕೆ ಮಾತ್ರ ಎಲ್ಲಕ್ಕೂ ಡಾಕ್ ಅಂಟಿಸಿದ್ದ.

ಹಾಗಾಗಿ ಲೆಕ್ಕ: ವರ್ಡ್ 5.1 ಒಂಬತ್ತು, ವರ್ಡ್ 97 ಹದಿನಾಲ್ಕು, ವರ್ಡ್‌ಪರ್ಫೆಕ್ಟ್ ಮೂರು, ಡಾಕ್ಸ್ ಹನ್ನೊಂದು.

ದಿನ 2: ಸಾಗಣೆ

ಲ್ಯಾಪ್‌ಟಾಪಿನಲ್ಲಿ ಎಫ್‌ಟಿಪಿ ಸರ್ವರ್ ಶುರು ಮಾಡಿ, ಮ್ಯಾಕ್‌ನ ಎಫ್‌ಟಿಪಿ ಪ್ರೋಗ್ರಾಮಿನಿಂದ 28 ಫೈಲು ಎಳೆದುಕೊಂಡೆ. ಹತ್ತು ನಿಮಿಷದ ಕೆಲಸ. ಅಳತೆ ಹೊಂದುತ್ತದಾ ಅಂತಲೂ ನೋಡಿದೆ. ಮೊದಲನೇ ಡಾಕ್ ಆಕಡೆ 48,640 ಬೈಟ್, ಈಕಡೆಯೂ 48,640. ಸರಿಯಾಗಿ ಬಂತು ಅಂತ ಟಿಕ್ ಹಾಕಿದೆ. ಆ ಟಿಕ್ ನನಗೆ ನಾಲ್ಕು ದಿನ ದಂಡ ಹಾಕಿತು.

ದಿನ 3: ಶೇರ್‌ವೇರ್, ಮತ್ತು ದುಡ್ಡು ಕೊಟ್ಟ ಆತುರ

ಓಎಸ್ 9ರಲ್ಲಿ ವರ್ಡ್ ಇಲ್ಲದೆ ವರ್ಡ್ ಫೈಲು ತೋರಿಸುವ ಒಂದು ಸಣ್ಣ ಶೇರ್‌ವೇರ್ (ಮೊದಲು ಬಳಸಿ ನೋಡಿ ಆಮೇಲೆ ದುಡ್ಡು ಕಟ್ಟುವ ಪ್ರೋಗ್ರಾಮು) ನನ್ನ ಹಳೇ ಸಿಡಿಯಲ್ಲಿ ಸಿಕ್ಕಿತು. ಹೆಸರು ಹೇಳುವುದಿಲ್ಲ, ಏಕೆಂದರೆ ಮುಂದೆ ಬೈದಿರುವುದರಲ್ಲಿ ಮುಕ್ಕಾಲು ಪಾಲು ನನ್ನದೇ ತಪ್ಪು. 15 ದಿನ ಪುಕ್ಕಟೆ, ಆಮೇಲೆ 20 ಡಾಲರ್.

ಜಿಪ್ ಡಿಸ್ಕಿನ ವರ್ಡ್ 5.1 ಫೈಲು ಎರಡನ್ನು ಕೊಟ್ಟೆ. ಚಕ್ ಅಂತ ತೆರೆದವು. ದಪ್ಪಕ್ಷರ, ಕೋಷ್ಟಕ, ಅಡಿಟಿಪ್ಪಣಿ ಎಲ್ಲಾ ಜಾಗದಲ್ಲಿ. ಖುಷಿಯಾಗಿ ವರ್ಡ್ 97ರ ಫೈಲು ಕೊಟ್ಟೆ. 'ಫೈಲು ಹಾಳಾಗಿದೆ' ಅಂತು. ಇನ್ನೊಂದು. ಅದೂ ಹಾಳಾಗಿದೆ. ರಾತ್ರಿ ಸ್ವಿಚ್ ಬೋರ್ಡ್ ಆರಿಸಿ ಮಲಗಿದೆ. ಬೆಳಿಗ್ಗೆ ಹಚ್ಚಿದರೆ ಶೇರ್‌ವೇರ್ ತೆರೆಯುವುದೇ ಇಲ್ಲ. ಪುಕ್ಕಟೆ ಅವಧಿ ಮುಗಿದಿದೆಯಂತೆ! ಹಾಕಿ ಒಂದು ದಿನ ಆಗಿಲ್ಲ.

ಇಲ್ಲಿ ನಾನು ಸುಮ್ನೆ ಕೂತು ಯೋಚಿಸಬೇಕಿತ್ತು. ಎರಡು ಬೇರೆ ಬೇರೆ ರೋಗ ಇದ್ದವು. ನಾನು ಎರಡನ್ನೂ ಸೇರಿಸಿ ಒಂದೇ ಕತೆ ಕಟ್ಟಿದೆ: ಪುಕ್ಕಟೆ ಪ್ರತಿಯಲ್ಲಿ ಏನೋ ಬೀಗ ಇದೆ, ಅದಕ್ಕೇ ವರ್ಡ್ 97 ತೆರೆಯುತ್ತಿಲ್ಲ, ದುಡ್ಡು ಕೊಟ್ಟರೆ ಬೀಗ ಬಿಚ್ಚುತ್ತದೆ. ಜೊತೆಗಿದ್ದ ರೀಡ್‌ಮಿ ಫೈಲಿನಲ್ಲಿ 'ಅವಧಿ ಮುಗಿಯುವ ತನಕ ಎಲ್ಲಾ ಸೌಲಭ್ಯ ಇರುತ್ತದೆ' ಅಂತ ಎರಡನೇ ಪ್ಯಾರಾದಲ್ಲೇ ಬರೆದಿತ್ತು. ಓದಿದ್ದು ದುಡ್ಡು ಕಟ್ಟಿದ ಮೇಲೆ.

ಕಟ್ಟುವುದೂ ಸುಲಭ ಇರಲಿಲ್ಲ. ರೀಡ್‌ಮಿಯಲ್ಲಿದ್ದ ಪಾವತಿ ವಿಳಾಸ ಸತ್ತುಹೋಗಿತ್ತು. ಆ ಕಾಲದ ಶೇರ್‌ವೇರ್ ಬರೆದವರು ದುಡ್ಡು ಪಡೆಯಲು ಮಧ್ಯದ ಕಂಪನಿಗಳನ್ನು ನೆಚ್ಚಿಕೊಂಡಿದ್ದರು. ಮ್ಯಾಕ್ ಜನಕ್ಕೆಲ್ಲಾ ಗೊತ್ತಿದ್ದ 'ಕಾಗಿ' ಕೂಡ 2016ರಲ್ಲಿ ಬಾಗಿಲು ಮುಚ್ಚಿತು. ಪ್ರೋಗ್ರಾಮು ಉಳಿದಿರುತ್ತದೆ, ಬರೆದವನೂ ಇರುತ್ತಾನೆ, ದುಡ್ಡು ಹಾಕುವ ಡಬ್ಬಿ ಮಾತ್ರ ಇರುವುದಿಲ್ಲ. ಹುಡುಕಿ ಹುಡುಕಿ ಈ ಪ್ರೋಗ್ರಾಮು ಬರೆದವರ ಹೊಸ ಪುಟ ಸಿಕ್ಕಿತು. ಅದರಲ್ಲಿ ಕಾರ್ಡ್ ಪಾವತಿ ಇತ್ತು. ಮ್ಯಾಕ್‌ನ ಹಳೇ ಬ್ರೌಸರ್‌ಗೆ ಈಗಿನ ಸುರಕ್ಷಿತ ಪುಟಗಳು ತೆರೆಯುವುದಿಲ್ಲ, ಲ್ಯಾಪ್‌ಟಾಪಿನಿಂದಲೇ ಕಟ್ಟಿದೆ. 20 ಡಾಲರ್ ಹೋಯಿತು.

ಶೇರ್‌ವೇರ್ ಎಂಬ ಪದ್ಧತಿ ಬೆಳೆದದ್ದರಲ್ಲಿ ವರ್ಡ್ ಪ್ರೊಸೆಸರ್‌ಗೂ ಒಂದು ಪಾಲಿದೆ. 1983ರಲ್ಲಿ ಬಾಬ್ ವಾಲೆಸ್ ಪಿಸಿ-ರೈಟ್ ಎಂಬ ವರ್ಡ್ ಪ್ರೊಸೆಸರ್ ಹೊರತಂದರು. ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಿತ್ತು. ಇಷ್ಟವಾದರೆ 75 ಡಾಲರ್ ಕಟ್ಟಿ ನೋಂದಾಯಿಸಿಕೊಳ್ಳಬೇಕು. ನೀವು ಹಂಚಿದ ಪ್ರತಿಯಿಂದ ಇನ್ನೊಬ್ಬರು ನೋಂದಾಯಿಸಿದರೆ ನಿಮಗೆ 25 ಡಾಲರ್ ವಾಪಸ್. ನನ್ನ 20 ಡಾಲರ್‌ನಲ್ಲಿ ಅಂಥ ಯೋಗ ಇರಲಿಲ್ಲ.

ದಿನ 5: ಕೋಡ್ ಬಂತು, ಹಿಡಿಯಲಿಲ್ಲ

ದುಡ್ಡು ಕಟ್ಟಿದ ಮಾರನೇ ದಿನ ಮೇಲ್ ಬಂತು. ಒಂದು ಸಾಲು ನನ್ನ ಹೆಸರು, ಇನ್ನೊಂದು ಸಾಲು 16 ಅಕ್ಷರದ ಕೋಡ್. ಲ್ಯಾಪ್‌ಟಾಪಿನಲ್ಲಿ ಟೆಕ್ಸ್ಟ್ ಫೈಲಾಗಿ ಉಳಿಸಿ ಎಫ್‌ಟಿಪಿಯಲ್ಲಿ ಕಳಿಸಿದೆ. ಚಿಕ್ಕ ಫೈಲು ಎಲ್ಲಿ ಕೆಡುತ್ತದೋ ಅಂತ ಈ ಸಲ ಎಚ್ಚರವಹಿಸಿ 'ಬೈನರಿ' (ಒಂದು ಬೈಟೂ ಬದಲಿಸದೆ ಕಳಿಸುವ ಬಗೆ) ಆರಿಸಿದೆ. ಸಿಂಪಲ್‌ಟೆಕ್ಸ್ಟ್‌ನಲ್ಲಿ ತೆರೆದು, ಕಾಪಿ ಮಾಡಿ, ಅಂಟಿಸಿದೆ. ಕೋಡ್ ತಪ್ಪು. ಮತ್ತೆ ಅಂಟಿಸಿದೆ. ತಪ್ಪು. ಕೋಡ್‌ನಲ್ಲಿರುವುದು ಇಂಗ್ಲಿಷಿನ ಓ ಅಕ್ಷರವೋ ಸೊನ್ನೆಯೋ ಅಂತ ಅನುಮಾನ ಬಂದು ನಾಲ್ಕು ಥರ ಬದಲಿಸಿ ನೋಡಿದೆ. ಎಲ್ಲಾ ತಪ್ಪು.

ಬರೆದವರಿಗೆ ಒಂದು ಖಾರದ ಮೇಲ್ ಅರ್ಧ ಟೈಪ್ ಮಾಡಿದ್ದೆ. ಅಷ್ಟರಲ್ಲಿ ಕೋಡಿನ ಕೊನೆಯಲ್ಲಿ ಒಂದು ಪುಟ್ಟ ಚೌಕ ಕಣ್ಣಿಗೆ ಬಿತ್ತು. ಹೆಸರಿಗೂ ಕೋಡಿಗೂ ನಡುವೆ ಅಂಥದ್ದೇ ಇನ್ನೊಂದು. ಎರಡು ಸಾಲು ಅಂದುಕೊಂಡಿದ್ದು ಮ್ಯಾಕ್‌ಗೆ ಒಂದೇ ಸಾಲಾಗಿತ್ತು. ಲಿನಕ್ಸ್ ಸಾಲಿನ ಕೊನೆಗೆ ಲೈನ್ ಫೀಡ್ ಹಾಕುತ್ತದೆ, ಹೆಕ್ಸ್‌ನಲ್ಲಿ 0ಎ. ಹಳೇ ಮ್ಯಾಕ್ ಹಾಕುವುದು ಕ್ಯಾರೇಜ್ ರಿಟರ್ನ್, 0ಡಿ. ನಾನು ಬೈನರಿಯಲ್ಲಿ ಕಳಿಸಿದ್ದರಿಂದ 0ಎ ಹಾಗೇ ಬಂದು ಚೌಕವಾಗಿ ಕೂತಿತ್ತು. ನಾನು ಪ್ರತಿ ಸಲ ಆ ಚೌಕವನ್ನೂ ಸೇರಿಸಿ ಅಂಟಿಸುತ್ತಿದ್ದೆ.

ಕೈಯಲ್ಲಿ ಟೈಪ್ ಮಾಡಿದೆ. ನೋಂದಣಿ ಆಯಿತು. ಖಾರದ ಮೇಲ್ ಅಳಿಸಿದೆ.

ವರ್ಡ್ 97ರ ಫೈಲು ಕೊಟ್ಟೆ. 'ಫೈಲು ಹಾಳಾಗಿದೆ.'

ದಿನ 6, ಬೆಳಿಗ್ಗೆ: 1904

ಕೆಲಸ ಮಾಡುವ ವರ್ಡ್ 5.1 ಫೈಲುಗಳನ್ನಾದರೂ ಮುಗಿಸೋಣ ಅಂತ ಒಂಬತ್ತನ್ನೂ ತೆರೆದು ಆರ್‌ಟಿಎಫ್ (ಬೇರೆ ಬೇರೆ ಪ್ರೋಗ್ರಾಮುಗಳು ಓದಬಲ್ಲ ಬಗೆ) ಆಗಿ ಉಳಿಸಿದೆ. ಎರಡರಲ್ಲಿ ಚಿತ್ರಗಳು ಬರಲಿಲ್ಲ. ಅವು ಸರ್ಕ್ಯೂಟ್ ಚಿತ್ರಗಳು, ಹೇಗೂ ಮತ್ತೆ ಬರೆಯಬೇಕಿತ್ತು. ಫೋಲ್ಡರನ್ನು ದಿನಾಂಕದ ಪ್ರಕಾರ ಜೋಡಿಸಿದರೆ ಈಗಷ್ಟೇ ಉಳಿಸಿದ ಫೈಲುಗಳು ಎಲ್ಲಕ್ಕಿಂತ ಕೆಳಗೆ ಹೋಗಿ ಕೂತಿವೆ. ದಿನಾಂಕ: 1904 ಜನವರಿ 1.

ಹಳೇ ಮ್ಯಾಕ್ ಕಾಲ ಎಣಿಸಲು ಶುರು ಮಾಡುವುದೇ ಆ ದಿನದಿಂದ. ಬೋರ್ಡಿನ ಮೇಲಿನ ಪುಟ್ಟ ಬ್ಯಾಟರಿ ಸತ್ತರೆ ಗಡಿಯಾರ ಅಲ್ಲಿಗೇ ಜಾರುತ್ತದೆ. ಮೆನು ಪಟ್ಟಿಯಲ್ಲಿ ಗಡಿಯಾರ ತಪ್ಪು ಗಂಟೆ ತೋರಿಸುವುದನ್ನು ತಿಂಗಳುಗಳಿಂದ ನೋಡುತ್ತಿದ್ದೆ. ಹಳೇ ಮಷೀನು, ಇರಲಿ ಬಿಡು ಅಂತ ಬಿಟ್ಟಿದ್ದೆ. ವೈರು ಗೋಡೆಯಲ್ಲಿ ಇರುವಷ್ಟು ಹೊತ್ತು ಗಡಿಯಾರ ನಡೆಯುತ್ತದೆ. ಮೂರನೇ ದಿನದ ರಾತ್ರಿ ನಾನು ಸ್ವಿಚ್ ಬೋರ್ಡನ್ನೇ ಆರಿಸಿದೆ, ಮ್ಯಾಕ್ 1904ಕ್ಕೆ ಹೋಯಿತು. ಹಿಂದಿನ ದಿನ ಹಾಕಿದ ಶೇರ್‌ವೇರ್ ತಾರೀಖು ಹಿಂದಕ್ಕೆ ಓಡಿದ್ದು ನೋಡಿ, ಇವನು ಗಡಿಯಾರ ತಿರುಗಿಸಿ ಮೋಸ ಮಾಡುತ್ತಿದ್ದಾನೆ ಅಂದುಕೊಂಡು ಅವಧಿ ಮುಗಿಸಿತು. ತಪ್ಪು ಅದರದಲ್ಲ ಅಲ್ವಾ?

ರಿಪೇರಿ ಈ ಡಬ್ಬದಲ್ಲಿ ಸುಖ. ಪಕ್ಕದ ಉಂಗುರ ಎಳೆದರೆ ಬಾಗಿಲು ಮಲಗುತ್ತದೆ, ಬೋರ್ಡ್ ಬಾಗಿಲಿನ ಮೇಲೇ ಇದೆ. ಬ್ಯಾಟರಿ 3.6 ವೋಲ್ಟಿನ ಲಿಥಿಯಂ, ಅರ್ಧ ಎಎ ಗಾತ್ರ. ಮಲ್ಟಿಮೀಟರ್ ಹಿಡಿದರೆ 0.7 ವೋಲ್ಟ್. ಹೊಸದಕ್ಕೆ 6 ಡಾಲರ್ ಆಯಿತು. ಎಎ ಅಂತ ಕಂಡು ಮಾಮೂಲಿ 1.5 ವೋಲ್ಟಿನ ಸೆಲ್ ತರಬೇಡಿ, ಉದ್ದವೂ ಹಿಡಿಸುವುದಿಲ್ಲ, ವೋಲ್ಟೂ ಸಾಲುವುದಿಲ್ಲ. ಹಾಕುವ ಮುಂಚೆ ಕೂಡು-ಕಳೆ ಗುರುತು ನೋಡಿ. ಹಾಕಿದ ಮೇಲೆ ಬೋರ್ಡಿನ ಮೇಲಿರುವ ಪುಟ್ಟ ರೀಸೆಟ್ ಬಟನ್ ಒಂದೇ ಒಂದು ಸಲ ಒತ್ತಿದೆ, ತಾರೀಖು ಸರಿಮಾಡಿದೆ, ವೈರು ಕಿತ್ತು ಒಂದು ಗಂಟೆ ಬಿಟ್ಟೆ. ಗಡಿಯಾರ ನಿಂತಿರಲಿಲ್ಲ.

ದಿನ 6, ಸಂಜೆ: 48,640ರ ಗುಟ್ಟು

ಗಡಿಯಾರ ಸರಿಹೋದರೂ ವರ್ಡ್ 97 ಹಠ ಬಿಡಲಿಲ್ಲ. ಚೌಕದ ನೆನಪು ಮನಸ್ಸಿನಲ್ಲಿತ್ತು. ಮ್ಯಾಕ್‌ನಲ್ಲಿ ಹೆಕ್ಸ್‌ಎಡಿಟ್ ತೆರೆದು ಆ 48,640 ಬೈಟಿನ ಫೈಲನ್ನು ನೋಡಿದೆ. ಶುರುವಿನಲ್ಲಿ ಡಿ0 ಸಿಎಫ್ 11 ಇ0, ಸರಿಯಾಗಿದೆ. ಆಮೇಲೆ 0ಎ ಬೈಟನ್ನು ಹುಡುಕಲು ಹೇಳಿದೆ. ಒಂದೂ ಇಲ್ಲ. ಲ್ಯಾಪ್‌ಟಾಪಿನ ಮೂಲ ಫೈಲಿನಲ್ಲಿ ಎಣಿಸಿದರೆ 211 ಇವೆ.

ಎರಡನೇ ದಿನ ನಾನು ಫೈಲು ಎಳೆದದ್ದು ಟೆಕ್ಸ್ಟ್ ಮೋಡ್‌ನಲ್ಲಿ. ಆ ಮೋಡ್‌ನಲ್ಲಿ ಲಿನಕ್ಸ್ ಸರ್ವರ್ ಪ್ರತಿ 0ಎಯನ್ನು 0ಡಿ 0ಎ ಜೋಡಿ ಮಾಡಿ ಕಳಿಸುತ್ತದೆ. ಮ್ಯಾಕ್ ಆ ಜೋಡಿಯನ್ನು ಒಂದೇ 0ಡಿ ಮಾಡಿ ಇಟ್ಟುಕೊಳ್ಳುತ್ತದೆ. ಒಂದು ಹೋಗಿ ಒಂದು ಬಂತು, ಅಳತೆ ಕೂದಲೆಳೆಯೂ ಬದಲಾಗಲಿಲ್ಲ. ಶುರುವಿನ ಗುರುತಿನಲ್ಲಿ 0ಎ ಇಲ್ಲದ್ದರಿಂದ ಅದೂ ಸರಿಯಾಗೇ ಕಂಡಿತು. ಒಳಗೆ ಮಾತ್ರ 211 ಕಡೆ ಕೆಟ್ಟಿತ್ತು. ಶೇರ್‌ವೇರ್ ಮೊದಲ ದಿನದಿಂದ ನಿಜವನ್ನೇ ಹೇಳುತ್ತಿತ್ತು: ಫೈಲು ಹಾಳಾಗಿದೆ.

ಬೈನರಿ ಬೇಕಾದ ಡಾಕ್‌ಗಳನ್ನು ಟೆಕ್ಸ್ಟ್‌ನಲ್ಲಿ ಕಳಿಸಿದೆ, ಟೆಕ್ಸ್ಟ್ ಬೇಕಾದ ಕೋಡನ್ನು ಬೈನರಿಯಲ್ಲಿ. ಎರಡರಲ್ಲೂ ಅದಲುಬದಲು. ನೋಟ್‌ಬುಕ್ಕಿನಲ್ಲಿ ಈ ಸಾಲಿನ ಕೆಳಗೆ ಮೂರು ಗೆರೆ ಎಳೆದಿದ್ದೇನೆ.

28 ಫೈಲನ್ನೂ ಬೈನರಿಯಲ್ಲಿ ಮತ್ತೆ ಎಳೆದೆ.

ದಿನ 7: ವರ್ಡ್ 97

ಈ ಸಲ ಇನ್ನೊಂದು ತಕರಾರು. ಶೇರ್‌ವೇರ್‌ನ ಓಪನ್ ಡಬ್ಬಿಯಲ್ಲಿ ಕೆಲವು ಫೈಲುಗಳ ಹೆಸರೇ ಕಾಣುವುದಿಲ್ಲ. ಓಎಸ್ 9 ಫೈಲನ್ನು ಗುರುತಿಸುವುದು ಹೆಸರಿನ ಬಾಲದಿಂದಲ್ಲ, ಫೈಲಿಗೆ ಅಂಟಿದ ನಾಲ್ಕು-ನಾಲ್ಕು ಅಕ್ಷರದ ಎರಡು ಗುರುತಿನಿಂದ: ಟೈಪ್ ಮತ್ತು ಕ್ರಿಯೇಟರ್. ಬಾಲದಲ್ಲಿ ಡಾಕ್ ಅಂತ ಸರಿಯಾಗಿದ್ದವಕ್ಕೆ ಎಫ್‌ಟಿಪಿ ಪ್ರೋಗ್ರಾಮೇ ಗುರುತು ಅಂಟಿಸಿತ್ತು. ಹೆಸರು ಉದ್ದವಾಗಿ 31 ಅಕ್ಷರದ ಮಿತಿಗೆ ಕತ್ತರಿಸಿಹೋದ ಐದಕ್ಕೆ ಬಾಲವೂ ಇಲ್ಲ, ಗುರುತೂ ಇಲ್ಲ. ಆ ಗುರುತು ತಿದ್ದಬಲ್ಲ ರೆಸ್‌ಎಡಿಟ್ ಪ್ರೋಗ್ರಾಮಿನಲ್ಲಿ ಟೈಪ್ 'ಡಬ್ಲ್ಯೂ8ಬಿಎನ್', ಕ್ರಿಯೇಟರ್ 'ಎಂಎಸ್‌ಡಬ್ಲ್ಯೂಡಿ' ಅಂತ ತುಂಬಿದೆ. ಎಲ್ಲಾ ದೊಡ್ಡ ಅಕ್ಷರ. ಮೊದಲನೇ ಸಲ ಚಿಕ್ಕಕ್ಷರದಲ್ಲಿ ಹಾಕಿ ಮತ್ತೆ ತಲೆ ಕೆರೆದುಕೊಂಡೆ.

14ರಲ್ಲಿ 12 ಸಲೀಸಾಗಿ ತೆರೆದವು. ರೆಸಿಸ್ಟರ್ ಬಣ್ಣದ ಕೋಷ್ಟಕ ಇರುವ ಅಧ್ಯಾಯ ಗೆರೆ ಸಮೇತ ಬಂತು. ಆ ಕ್ಷಣಕ್ಕೆ 20 ಡಾಲರ್ ಮರೆತುಹೋಯಿತು.

ಹದಿಮೂರನೆಯದು ಗೆಳೆಯ ನನಗೆ ಬರೆದ ಪತ್ರ. ತೆರೆಯಿತು, ಆದರೆ ಓದಿದರೆ ವಿಚಿತ್ರ. ಒಂದು ಕಡೆ 'ಮೂರನೇ ಅಧ್ಯಾಯವನ್ನು ಸ್ವಲ್ಪ ಚಿಕ್ಕದು ಮಾಡಬಹುದೇನೋ' ಅಂತ ಇದೆ. ಇನ್ನೊಂದು ಕಡೆ 'ಮೂರನೇ ಅಧ್ಯಾಯ ಪೂರಾ ಕಿತ್ತುಹಾಕು, ಯಾರೂ ಓದಲ್ಲ' ಅಂತ ಇದೆ. ಹಳೇ ವರ್ಡ್‌ನಲ್ಲಿ 'ಫಾಸ್ಟ್ ಸೇವ್' ಅಂತ ಒಂದು ಆಯ್ಕೆ ಇತ್ತು. ಬೇಗ ಉಳಿಸಲಿ ಅಂತ ಪೂರ್ತಿ ಫೈಲನ್ನು ಮತ್ತೆ ಬರೆಯದೆ, ಬದಲಾದದ್ದನ್ನು ಕೊನೆಗೆ ಅಂಟಿಸಿ, ಯಾವ ತುಂಡು ಎಲ್ಲಿಗೆ ಸೇರಬೇಕು ಅಂತ ಒಂದು ಪಟ್ಟಿ ಇಡುತ್ತಿತ್ತು. ಅಳಿಸಿದ ಸಾಲು ಫೈಲಿನೊಳಗೇ ಉಳಿಯುತ್ತಿತ್ತು. ನನ್ನ ಶೇರ್‌ವೇರ್ ಆ ಪಟ್ಟಿಯನ್ನು ಸರಿಯಾಗಿ ಓದದೆ ಇದ್ದದ್ದನ್ನೆಲ್ಲಾ ಸುರಿದಿತ್ತು. ಲ್ಯಾಪ್‌ಟಾಪಿನ ಲಿಬ್ರೆಆಫೀಸ್ ಎಂಬ ಪುಕ್ಕಟೆ ಪ್ರೋಗ್ರಾಮಿನಲ್ಲಿ ತೆರೆದರೆ ಸಭ್ಯ ಸಾಲು ಮಾತ್ರ ಬಂತು. ಅಲ್ಲಿಂದ ಆರ್‌ಟಿಎಫ್ ಮಾಡಿ ತಂದೆ. ಅಂದಹಾಗೆ ಮೂರನೇ ಅಧ್ಯಾಯ ಮತ್ತೆ ಓದಿ ನೋಡಿದೆ. ಗೆಳೆಯ ಮೊದಲು ಬರೆದದ್ದೇ ಸರಿ.

ಹದಿನಾಲ್ಕನೆಯದಕ್ಕೆ ಪಾಸ್‌ವರ್ಡ್ ಇದೆ. ಗೆಳೆಯನಿಗೂ ನೆನಪಿಲ್ಲ.

ವರ್ಡ್‌ಪರ್ಫೆಕ್ಟ್ ಮೂರೂ ಶೇರ್‌ವೇರ್‌ಗೆ ಗೊತ್ತೇ ಇಲ್ಲದ ಜಾತಿ. ಅವನ್ನೂ ಲಿಬ್ರೆಆಫೀಸ್‌ಗೆ ಕೊಟ್ಟು ಆರ್‌ಟಿಎಫ್ ಮಾಡಿಕೊಂಡೆ, ಐದು ನಿಮಿಷ.

ದಿನ 8 ಮತ್ತು 9: ಡಾಕ್ಸ್

ಡಾಕ್ಸ್ ಬಂದದ್ದು ಆಫೀಸ್ 2007ರ ಜೊತೆ. ನನ್ನ ಶೇರ್‌ವೇರ್ ಅದಕ್ಕಿಂತ ಹಳೆಯದು, ಕೇಳುವುದೇ ಬೇಡ. ದುಡ್ಡು ಕಟ್ಟುವ ಮೊದಲು ಇದನ್ನಾದರೂ ಯೋಚಿಸಬೇಕಿತ್ತು, ಮುಂದೆ ಗೆಳೆಯ ಕಳಿಸುವುದೆಲ್ಲಾ ಡಾಕ್ಸೇ. ಲ್ಯಾಪ್‌ಟಾಪಿನಲ್ಲೇ ಪರಿವರ್ತಿಸಬಹುದಿತ್ತು. ಮ್ಯಾಕ್‌ನಲ್ಲೇ ಆಗುತ್ತದಾ ನೋಡೋಣ ಅನ್ನುವ ಹಠ.

ಹೆಸರಿನ ಬಾಲ ಜಿಪ್ ಅಂತ ಬದಲಿಸಿ ಸ್ಟಫಿಟ್ ಎಕ್ಸ್‌ಪ್ಯಾಂಡರ್‌ಗೆ ಕೊಟ್ಟೆ. ಗಂಟು ಬಿಚ್ಚಿತು. 'ವರ್ಡ್' ಎಂಬ ಫೋಲ್ಡರಿನೊಳಗೆ 'ಡಾಕ್ಯುಮೆಂಟ್' ಹೆಸರಿನ ಎಕ್ಸ್‌ಎಂಎಲ್ ಫೈಲು ಇರುತ್ತದೆ, ಬರಹ ಪೂರಾ ಅದರಲ್ಲೇ. ಸಿಂಪಲ್‌ಟೆಕ್ಸ್ಟ್‌ಗೆ 32 ಕಿಲೋಬೈಟಿನ ಮಿತಿ, ಅದು ಕೈಯೆತ್ತಿತು. ಬಿಬಿಎಡಿಟ್ ಲೈಟ್ ತೆರೆಯಿತು. ಇಡೀ ಅಧ್ಯಾಯ ಒಂದೇ ಉದ್ದ ಸಾಲು, ನಡುವೆ ಸಾವಿರಾರು ಟ್ಯಾಗ್, ಅಂದರೆ ಪ್ಯಾರಾ, ಕೋಷ್ಟಕ ಎಲ್ಲಿ ಶುರು ಎಲ್ಲಿ ಕೊನೆ ಅಂತ ಹೇಳುವ ಕೋನ ಕಂಸದ ಗುರುತುಗಳು.

ಮೊದಲ ಯತ್ನ: < ಇಂದ > ವರೆಗಿನದ್ದೆಲ್ಲಾ ಅಳಿಸು ಅಂದೆ. ಟ್ಯಾಗ್ ಹೋದವು, ಜೊತೆಗೆ ಪ್ಯಾರಾಗಳೂ ಹೋದವು. 40 ಪುಟ ಒಂದೇ ಪ್ಯಾರಾ.

ಎರಡನೇ ಯತ್ನ: ಮೊದಲು ಪ್ಯಾರಾ ಮುಗಿಯುವ ಟ್ಯಾಗನ್ನು ಹೊಸ ಸಾಲು ಮಾಡಿ, ಆಮೇಲೆ ಉಳಿದದ್ದನ್ನು ಅಳಿಸಿದೆ. ಪ್ಯಾರಾ ಬಂತು, ಕೋಷ್ಟಕ ಚಿಂದಿಯಾಯಿತು. ಕೋಷ್ಟಕದ ಪ್ರತಿ ಮನೆಯೊಳಗೂ ಒಂದು ಪ್ಯಾರಾ ಇರುತ್ತದೆ, ಹಾಗಾಗಿ ಪ್ರತಿ ಮನೆಯೂ ಒಂದೊಂದು ಸಾಲಾಗಿ ಕೆಳಗಿಳಿಯಿತು.

ಮೂರನೇ ಯತ್ನ ನಿಂತಿತು. ಎಲ್ಲಕ್ಕೂ ಮೊದಲು, ಪ್ಯಾರಾ ಮತ್ತು ಮನೆ ಒಟ್ಟಿಗೆ ಮುಗಿಯುವ ಜೋಡಿ ಟ್ಯಾಗನ್ನು ಟ್ಯಾಬ್ ಮಾಡಿದೆ. ನಂತರ ಕೋಷ್ಟಕದ ಸಾಲು ಮುಗಿಯುವ ಟ್ಯಾಗು, ಪ್ಯಾರಾ ಮುಗಿಯುವ ಟ್ಯಾಗು ಎರಡನ್ನೂ ಹೊಸ ಸಾಲು. ಕೊನೆಗೆ ಉಳಿದ ಟ್ಯಾಗೆಲ್ಲಾ ಕಸಕ್ಕೆ. ಈ ಕ್ರಮ ತಪ್ಪಿದರೆ ಮತ್ತೆ ಮೊದಲಿಂದ.

ಆಮೇಲೆ ಅಕ್ಷರಗಳ ಕಾಟ. ಡಾಕ್ಸ್ ಒಳಗಿರುವುದು ಯುಟಿಎಫ್-8, ಅಕ್ಷರಗಳನ್ನು ಬೈಟ್ ಮಾಡಿ ಇಡುವ ಈಗಿನ ರೀತಿ. ಸೊಟ್ಟ ಉದ್ಧರಣ ಚಿಹ್ನೆಗೆ ಅದರಲ್ಲಿ ಇ2 80 99 ಅಂತ ಮೂರು ಬೈಟ್, ನಾನು ತೆರೆದ ರೀತಿಯಲ್ಲಿ ಮ್ಯಾಕ್ ಅದನ್ನು ಮೂರು ಕಸದ ಅಕ್ಷರ ಮಾಡಿ ತೋರಿಸಿತು. ಅದು ಕಣ್ಣಿಗೆ ಹೊಡೆಯುತ್ತದೆ, ಸರಿಮಾಡಬಹುದು. ಓಮ್ ಚಿಹ್ನೆ ಎರಡು ಕಸದ ಅಕ್ಷರವಾಗುತ್ತದೆ, ಮೈಕ್ರೋ ಚಿಹ್ನೆಯೂ ಎರಡು. ಬೇಸರವಾಗಿ ಕಸವನ್ನೆಲ್ಲಾ ಒಂದೇ ಏಟಿಗೆ ಅಳಿಸಿಬಿಟ್ಟೆ. 0.1 ಮೈಕ್ರೋಫ್ಯಾರಡ್ ಇದ್ದದ್ದು 0.1 ಫ್ಯಾರಡ್ ಆಯಿತು. ರಿಪೇರಿ ಕೈಪಿಡಿಯಲ್ಲಿ ಇದು ನಗುವ ವಿಷಯವಲ್ಲ. ಮೂಲದಿಂದ ಮತ್ತೆ ಶುರು ಮಾಡಿ, ಒಂದೊಂದು ಚಿಹ್ನೆಗೂ ಪ್ರತ್ಯೇಕ ಬದಲಾವಣೆ ಬರೆದೆ, ಒಟ್ಟು ಒಂಬತ್ತು.

ಎರಡು ಫೈಲಿನಲ್ಲಿ ಅಡಿಟಿಪ್ಪಣಿ ಕಾಣೆ. ಅವು ಅದೇ ಫೋಲ್ಡರಿನಲ್ಲಿ 'ಫುಟ್‌ನೋಟ್ಸ್' ಎಂಬ ಬೇರೆ ಫೈಲಿನಲ್ಲಿದ್ದವು, ಕೈಯಲ್ಲಿ ಸೇರಿಸಿದೆ. ಇನ್ನೊಂದರಲ್ಲಿ ಗೆಳೆಯ ತಿದ್ದುಪಡಿ ಗುರುತು ಹಾಕುವ ಆಯ್ಕೆ ಬಿಟ್ಟಿದ್ದ. ಟ್ಯಾಗ್ ಅಳಿಸಿದ ಕೂಡಲೇ ಅವನು ಕಿತ್ತುಹಾಕಿದ ಸಾಲುಗಳೆಲ್ಲಾ ಎದ್ದು ಬಂದವು. ಈ ಸಲ ನನ್ನ ಬಗ್ಗೆ ಏನೂ ಇರಲಿಲ್ಲ.

ಖರ್ಚು

ಶೇರ್‌ವೇರ್ 20 ಡಾಲರ್, ಬ್ಯಾಟರಿ 6 ಡಾಲರ್, ಒಟ್ಟು 26. ಶೇರ್‌ವೇರ್ ತೆರೆದದ್ದು 21 ಫೈಲು. ಫೈಲಿಗೆ ಒಂದು ಡಾಲರಿಗಿಂತ ಸ್ವಲ್ಪ ಕಮ್ಮಿ. ಲಿಬ್ರೆಆಫೀಸ್ ಪುಕ್ಕಟೆಯಾಗಿ ಆ 21ರನ್ನೂ ತೆರೆಯುತ್ತದೆ, ವರ್ಡ್ 5.1ರವನ್ನೂ ಸೇರಿಸಿ. ಅದನ್ನು ಪರೀಕ್ಷಿಸಿದ್ದು ಎಂಟನೇ ದಿನ. ಮೊದಲೇ ನೋಡಿದ್ದರೆ ಕಟ್ಟುತ್ತಿದ್ದೆನಾ? ಹಳೇ ಫೋಲ್ಡರುಗಳನ್ನು ಮ್ಯಾಕ್‌ನಲ್ಲೇ ಕೋಷ್ಟಕ ಸಮೇತ ತಿರುವಿಹಾಕುವ ಸುಖಕ್ಕೆ ಬಹುಶಃ ಕಟ್ಟುತ್ತಿದ್ದೆ. ಆದರೆ ಬ್ಯಾಟರಿ ಹಾಕಿ, 15 ದಿನ ಪುಕ್ಕಟೆ ಬಳಸಿ, ಅತಿ ಕೆಟ್ಟ ಫೈಲನ್ನು ಮೊದಲು ಕೊಟ್ಟು ನೋಡಿ, ಆಮೇಲೆ.

ಬಾಕಿ ಇರುವುದು ಆ ಪಾಸ್‌ವರ್ಡ್ ಫೈಲು. ಗೆಳೆಯ ತನ್ನ ಹಳೇ ಸ್ಕೂಟರ್ ನಂಬರ್ ಇರಬಹುದು ಅಂತಾನೆ. ಮೂರು ಸ್ಕೂಟರ್ ಇದ್ದವಂತೆ. ಎರಡರ ನಂಬರ್ ಹಾಕಿ ನೋಡಿದೆ, ಆಗಲಿಲ್ಲ. ಮೂರನೆಯದರ ಕಾಗದ ಹುಡುಕುತ್ತಿದ್ದಾನೆ.